ಹೆದರಿಕೆ ಹೋದಮೇಲೆ ಹೊರಡೋಣ ಅಂದರೆ

ಮಾಲೂರಿನಿಂದ ಏಳನೇ ತರಗತಿಯ ಹುಡುಗನೊಬ್ಬ ಈ ಅಂಕಣಕ್ಕೆ ಕಾಗದ ಬರೆದಿದ್ದಾನೆ. ಹೆಸರು ಹಾಕಬೇಡಿ ತಾತ ಅಂತ ಕೇಳಿಕೊಂಡಿದ್ದಾನೆ. ಹಾಕುವುದಿಲ್ಲ.

ಅವನ ತರಗತಿಗೆ ಈ ವರ್ಷ ಹೊಸ ಹುಡುಗನೊಬ್ಬ ಸೇರಿದ್ದಾನಂತೆ. ಅಪ್ಪ ಅಮ್ಮ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರು, ದೂರದ ರಾಜ್ಯದಿಂದ ಬಂದವರು. ಹುಡುಗನಿಗೆ ಕನ್ನಡ ಇನ್ನೂ ಸರಿಯಾಗಿ ಬರುವುದಿಲ್ಲ. ಒಂದು ದಿನ ಪ್ರವಾಸಕ್ಕೆಂದು ಕೂಡಿಸಿದ್ದ ದುಡ್ಡಿನಲ್ಲಿ ಇನ್ನೂರು ರೂಪಾಯಿ ಕಾಣೆಯಾಯಿತು. ಎಲ್ಲರೂ ಆ ಹೊಸ ಹುಡುಗನ ಕಡೆಗೇ ಬೆರಳು ತೋರಿಸಿದರು. ತೆಗೆದವನು ಯಾರು ಅಂತ ನಮ್ಮ ಕಾಗದದ ಹುಡುಗನಿಗೆ ಗೊತ್ತು, ಕಣ್ಣಾರೆ ನೋಡಿದ್ದಾನೆ. ತೆಗೆದವನು ತರಗತಿಗೆಲ್ಲಾ ಜೋರಿನವನು, ಇವನ ಬೀದಿಯವನೇ.

‘ಭಾನುವಾರ ಚರ್ಚಿನಲ್ಲಿ ಅಯ್ಯನವರು ದೇವರ ಮಾತಿಗೆ ವಿಧೇಯರಾಗಿರಿ ಅಂತ ಹೇಳಿದರು. ನನಗೆ ಅದು ನನಗೇ ಹೇಳಿದ ಹಾಗಾಯಿತು. ಸೋಮವಾರ ಮೇಷ್ಟರಿಗೆ ಹೇಳೋಣ ಅಂತ ಹೋದೆ. ಹೊಟ್ಟೆಯಲ್ಲಿ ಏನೋ ಆಯಿತು, ವಾಪಸ್ಸು ಬಂದೆ. ಮೂರು ಸಲ ಹೀಗೇ ಆಗಿದೆ. ಭಯ ಹೋಗಲಿ ಅಂತ ದಿನಾ ಪ್ರಾರ್ಥನೆ ಮಾಡುತ್ತೇನೆ, ಹೋಗಿಲ್ಲ. ಭಯ ಪಡುವುದು ಪಾಪವಾ ತಾತ?’

ಪಾಪ ಅಲ್ಲ ಕಣಪ್ಪಾ. ಅದನ್ನು ಮೊದಲು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಏನೋ ಆಗುವುದು ದೇವರಿಗೆ ಹೊಸ ವಿಷಯವೂ ಅಲ್ಲ. ಸತ್ಯವೇದ ತೆಗೆದು ನೋಡಿದರೆ ದೇವರು ಕರೆದವರಲ್ಲಿ ಎಷ್ಟೋ ಜನ ಮೊದಲು ಮಾಡಿದ್ದೇ ಹಿಂದಕ್ಕೆ ಹೆಜ್ಜೆ ಇಡುವುದು. ಮೋಶೆ ನನಗೆ ಮಾತು ಬಾರದು ಅಂದ. ಯೋನ ಹಡಗು ಹತ್ತಿ ಉಲ್ಟಾ ದಿಕ್ಕಿಗೆ ಹೊರಟ. ಶತ್ರುಗಳಿಗೆ ಹೆದರಿ ದ್ರಾಕ್ಷಿ ತುಳಿಯುವ ತೊಟ್ಟಿಯೊಳಗೆ ಅಡಗಿ ಗೋಧಿ ಬಡಿಯುತ್ತಿದ್ದ ಗಿದ್ಯೋನನನ್ನು ದೇವದೂತ ಪರಾಕ್ರಮಶಾಲಿ ಎಂದು ಕರೆದ. ಅದನ್ನು ಓದಿದಾಗಲೆಲ್ಲಾ ನನಗೆ ನಗು ಬರುತ್ತದೆ.

ಆದರೆ ನನಗೆ ಎಲ್ಲರಿಗಿಂತ ಇಷ್ಟವಾದವನು ಅನನೀಯ. ಸಂಡೇ ಸ್ಕೂಲಿನಲ್ಲಿ ಅವನ ಚಿತ್ರ ಬಿಡಿಸಿ ಅಂತ ಯಾರೂ ಹೇಳುವುದಿಲ್ಲ. ಅಪೊಸ್ತಲರ ಕೃತ್ಯಗಳು ಒಂಬತ್ತನೇ ಅಧ್ಯಾಯದಲ್ಲಿ ಬಂದು ಹೋಗುತ್ತಾನೆ, ಅಷ್ಟೇ. ದಮಸ್ಕದಲ್ಲಿ ಇದ್ದ ಒಬ್ಬ ಸಾಧಾರಣ ಶಿಷ್ಯ. ಕ್ರೈಸ್ತರನ್ನು ಹುಡುಕಿ ಹುಡುಕಿ ಹಿಡಿದು ಸೆರೆಗೆ ಹಾಕುತ್ತಿದ್ದ ಸೌಲ ಅದೇ ಊರಿಗೆ ಬಂದಿದ್ದಾನೆ. ಕರ್ತನು ದರ್ಶನದಲ್ಲಿ ಅನನೀಯನಿಗೆ, ನೀನು ಎದ್ದು ಅವನ ಹತ್ತಿರ ಹೋಗು ಅನ್ನುತ್ತಾನೆ. ಹುಲಿಯ ಗವಿಗೆ ನೀನೇ ಹೋಗು ಅಂದ ಹಾಗೆ!

ಅನನೀಯ ಏನು ಮಾಡಿದ ಗೊತ್ತಾ? ತಕ್ಷಣ ಹೊರಡಲಿಲ್ಲ. ಸ್ವಾಮಿ, ಆ ಮನುಷ್ಯನ ವಿಷಯ ತುಂಬಾ ಜನ ಹೇಳಿದ್ದಾರೆ, ನಿನ್ನ ಜನಕ್ಕೆ ಎಷ್ಟು ಕೇಡು ಮಾಡಿದ್ದಾನೆ, ಇಲ್ಲಿಗೂ ಹಿಡಿಯುವ ಅಧಿಕಾರ ತಂದಿದ್ದಾನಂತೆ, ಅಂತ ತನ್ನ ಭಯವನ್ನೆಲ್ಲ ಬಿಚ್ಚಿಟ್ಟ. ದೇವರು ಬೈಯಲಿಲ್ಲ. ನಿನಗೆ ನಂಬಿಕೆ ಕಡಿಮೆ ಅನ್ನಲೂ ಇಲ್ಲ. ಹೋಗು ಅಂತ ಇನ್ನೊಮ್ಮೆ ಹೇಳಿದ, ಯಾಕೆ ಅನ್ನುವುದನ್ನೂ ಸ್ವಲ್ಪ ತಿಳಿಸಿದ. ವಿಳಾಸವಂತೂ ಮೊದಲೇ ಕೊಟ್ಟಾಗಿತ್ತು: ನೆಟ್ಟನೆಯ ಬೀದಿ, ಯೂದನ ಮನೆ, ತಾರ್ಸದ ಸೌಲ. ಆ ಬೀದಿ ಈಗಲೂ ದಮಸ್ಕದಲ್ಲಿ ಇದೆ.

ಬೀದಿ, ಮನೆ, ಆಳಿನ ಹೆಸರು. ಇಡೀ ಊರನ್ನು ಗೆಲ್ಲು ಅಂತ ಅವನಿಗೆ ಹೇಳಲಿಲ್ಲ, ಒಂದು ಬಾಗಿಲು ತೋರಿಸಿದರು. ಅನನೀಯ ಹೋದ. ಹೋಗುವ ದಾರಿಯಲ್ಲಿ ಭಯ ಹೋಯಿತು ಅಂತ ಸತ್ಯವೇದ ಎಲ್ಲೂ ಹೇಳುವುದಿಲ್ಲ. ಒಳಗೆ ಹೋಗಿ, ತನ್ನನ್ನು ಹಿಡಿಯಲು ಬಂದಿದ್ದವನ ಮೇಲೆ ಕೈಯಿಟ್ಟು, ಅವನನ್ನು ಸಹೋದರ ಎಂದು ಕರೆದ. ಕಣ್ಣು ಕಾಣದೆ ಮೂರು ದಿನ ಊಟ ಬಿಟ್ಟು ಕೂತಿದ್ದ ಸೌಲನಿಗೆ ಆ ಊರಿನಲ್ಲಿ ಸಹೋದರ ಅಂದವನು ಅವನು.

ಅದು ದಮಸ್ಕದ ಮಾತಾಯಿತು. ನಮ್ಮ ಕಡೆಗೆ ಬರೋಣ.

ಅಜ್ಜಿ ತಾತಂದಿರು ಕೆಲವರಾದರೂ ತಮ್ಮ ಮುತ್ತಜ್ಜಿಯರ ಬಾಯಲ್ಲಿ ಧಾತು ಈಶ್ವರ ಬರ ಅಂತ ಕೇಳಿರಬಹುದು. ತೆಲುಗು ಮಾತಾಡುವ ಮನೆಗಳಲ್ಲಿ ಧಾತ ಕರುವು ಅನ್ನುತ್ತಾರೆ. 1876ರಿಂದ 1878ರವರೆಗಿನ ಬರ ಅದು. ಮಳೆ ಕೈಕೊಟ್ಟಿತು, ಕೆರೆಗಳು ಒಣಗಿದವು, ಬರದ ಹಿಂದೆಯೇ ರೋಗ ಬಂತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಐವತ್ತು ಲಕ್ಷ ಮೀರಿದ್ದರು. ಹತ್ತು ವರ್ಷದ ಮೇಲೆ ಎಣಿಸಿದಾಗ ನಲವತ್ತೆರಡು ಲಕ್ಷದ ಹತ್ತಿರ. ಬೆಳೆಯಬೇಕಾದ ಲೆಕ್ಕ ಇಳಿದಿತ್ತು. ನದಿ ಕಾಲುವೆ ಇಲ್ಲದೆ ಕೆರೆಯನ್ನೇ ನಂಬಿದ ಕೋಲಾರದ ಕಡೆ ಕೆರೆ ಒಣಗಿದರೆ ಹೇಗಿರುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ತಂದೆ ತಾಯಿ ಕಳೆದುಕೊಂಡ ಮಕ್ಕಳನ್ನು ಸೇರಿಸಿ ಅನಾಥಾಲಯ ನಡೆಸಿದರು. ಒಬ್ಬರಲ್ಲ ಇಬ್ಬರಲ್ಲ, ನೂರಾರು ಮಕ್ಕಳು. ಒಂದು ಮನೆಯಲ್ಲಿ ನಾಲ್ಕು ಮಕ್ಕಳಿಗೆ ಜ್ವರ ಬಂದರೆ ನಮಗೆ ಕೈಕಾಲು ಆಡುವುದಿಲ್ಲ. ರಾಗಿ ಕಾಳಿಗೂ ಗತಿಯಿಲ್ಲದ ಕಾಲದಲ್ಲಿ, ಇವತ್ತು ಬಾಗಿಲಿಗೆ ಬಂದ ಮಗುವನ್ನು ಒಳಗೆ ಕರೆದುಕೊಂಡರೆ ನಾಳೆ ಏನು ಹಾಕುವುದು ಅನ್ನುವ ಲೆಕ್ಕ ಯಾವ ತಾಯಿಯನ್ನಾದರೂ ರಾತ್ರಿ ಎಬ್ಬಿಸುವಂಥದ್ದು. 1890ರಲ್ಲಿ ಆ ಕೆಲಸವನ್ನೆಲ್ಲ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಕೋಲಾರದಲ್ಲಿ ಇವತ್ತು ಕಾಣುವ ಮೆಥೊಡಿಸ್ಟ್ ಚರ್ಚು, ಶಾಲೆ, ಆಸ್ಪತ್ರೆಗಳ ಕಥೆಗೆ ಬೇರು ಅಲ್ಲಿದೆ.

ಅದೇ ಬರವನ್ನು ವೇಲೂರಿನಲ್ಲಿ ಒಂದು ಪುಟ್ಟ ಹುಡುಗಿಯೂ ನೋಡಿದಳು. ವೇಲೂರು ಅಂದರೆ ನಮಗೆ ಬೇರೆ ಊರೇನಲ್ಲ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ಆಮೇಲೆ ವೇಲೂರು. ಇಲ್ಲಿ ವಾಸಿಯಾಗದ ಕಾಯಿಲೆ ಅಂದರೆ ಫೈಲು ಹಿಡಿದು ಅಲ್ಲಿಗೆ ಬಸ್ಸು ಹತ್ತುತ್ತೇವೆ. ಆ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಅವರೇ ಆ ಹುಡುಗಿ. ಹುಟ್ಟಿದ್ದು 1870ರ ಡಿಸೆಂಬರಿನಲ್ಲಿ, ರಾಣಿಪೇಟೆಯಲ್ಲಿ. ಅಪ್ಪ ಮಿಷನ್ ಡಾಕ್ಟರು. ತಾತನ ಕಾಲದಿಂದಲೂ ಮನೆತನವೇ ಮಿಷನರಿಗಳದ್ದು.

ಬರ ಬಂದಾಗ ಐಡಾಗೆ ಆರು ದಾಟಿತ್ತು. ಹಸಿದು ಬಂದ ಮಕ್ಕಳಿಗೆ ಮನೆಯಲ್ಲಿ ಬ್ರೆಡ್ ಹಂಚುತ್ತಿದ್ದರು. ತುಂಡು ಕೈಗೆ ಕೊಟ್ಟರೆ ಬಾಯಿಗೆ ಎತ್ತಿಕೊಳ್ಳುವ ಶಕ್ತಿಯೂ ಕೆಲವು ಮಕ್ಕಳಿಗೆ ಇರಲಿಲ್ಲ. ಈ ಹುಡುಗಿ ತಾನೇ ಮುರಿದು ಅವರ ಬಾಯಿಗೆ ಇಡುತ್ತಿದ್ದಳಂತೆ. ಅಂಥ ಮಗು ದೊಡ್ಡದಾಗಿ ದಯಾಮಯಿ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದದ್ದೇ ಬೇರೆ. ಅವಳಿಗೆ ಆ ನೋಟವೇ ಬೇಡವಾಯಿತು. ಅಮೆರಿಕಕ್ಕೆ ಹೋಗಿ ಓದಿದಳು, ಅಲ್ಲೇ ಹಾಯಾಗಿ ಇರುವ ಆಸೆ ಕಟ್ಟಿಕೊಂಡಳು. ಮಿಷನರಿ ಮಾತ್ರ ಆಗುವುದಿಲ್ಲ ಅಂತ ಖಂಡಿತವಾಗಿ ಹೇಳಿದ್ದಳು.

ಹೊಡೆತದ ಭಯ, ಬೈಗುಳದ ಭಯ ನಮಗೆಲ್ಲ ಗೊತ್ತು. ಐಡಾಳದು ಇನ್ನೊಂದು ಜಾತಿಯ ಭಯ. ಹೌದು ಅಂದುಬಿಟ್ಟರೆ ನನ್ನ ಜೀವನ ನನ್ನ ಕೈ ತಪ್ಪುತ್ತದಲ್ಲಾ ಅನ್ನುವುದು. ದೊಡ್ಡವರಿಗೆ ಇದೇ ಹೆಚ್ಚು.

ಅಮ್ಮನಿಗೆ ಮೈಗೆ ಸರಿಯಿಲ್ಲ ಅಂತ ಸುದ್ದಿ ಬಂದು 1890ರಲ್ಲಿ ಐಡಾ ವಾಪಸ್ಸು ಬಂದರು, ಸ್ವಲ್ಪ ದಿನದ ಮಟ್ಟಿಗೆ ಅಂತ. ಆಗ ಮನೆ ತಮಿಳುನಾಡಿನ ತಿಂಡಿವನದಲ್ಲಿ. ಅಲ್ಲಿದ್ದಾಗ ಒಂದು ರಾತ್ರಿ ಬಾಗಿಲು ತಟ್ಟಿದ ಶಬ್ದ. ಬಂದವನು ಒಬ್ಬ ಬ್ರಾಹ್ಮಣ ಯುವಕ. ಎಳೆಯ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬನ್ನಿ ಅಂದ. ನನಗೆ ವೈದ್ಯ ಗೊತ್ತಿಲ್ಲ, ನಮ್ಮ ತಂದೆ ಬರುತ್ತಾರೆ ಅಂದರು ಐಡಾ. ಪರಗಂಡಸು ನಮ್ಮ ಹೆಂಗಸರನ್ನು ನೋಡುವ ಹಾಗಿಲ್ಲ ಅಂತ ಅವನು ಹೊರಟುಹೋದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ, ಮುಸ್ಲಿಮರವನು. ಅದೇ ಸಂಕಟ, ಅದೇ ಉತ್ತರ. ಆಮೇಲೆ ಮೂರನೆಯವನು, ಮತ್ತೊಂದು ಹಿಂದೂ ಮನೆಯವನು. ಅವನೂ ಹಾಗೆಯೇ ಹೋದ. ಬೆಳಿಗ್ಗೆ ಬೀದಿಯಲ್ಲಿ ಸಾವಿನ ವಾದ್ಯ ಕೇಳಿಸಿತು. ವಿಚಾರಿಸಿದರೆ, ಮೂವರು ಹೆಂಗಸರೂ ತೀರಿಹೋಗಿದ್ದರು.

ಐಡಾ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡಿದರು. ಹೊರಗೆ ಬಂದವರೇ ಅಪ್ಪ ಅಮ್ಮನಿಗೆ, ನಾನು ಅಮೆರಿಕಕ್ಕೆ ಹೋಗಿ ಡಾಕ್ಟರ್ ಓದಿ ಇಲ್ಲಿಗೇ ಬರುತ್ತೇನೆ ಅಂದರು.

ನಮ್ಮ ಸಭೆಗಳಲ್ಲಿ ಈ ಕಥೆಯನ್ನು ಹೇಳುವವರು ಇಲ್ಲಿಗೆ ನಿಲ್ಲಿಸಿ ಹಾಡು ಹಾಡಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆ ರಾತ್ರಿಗೂ, ಡಾಕ್ಟರಾಗಿ 1900ರಲ್ಲಿ ವಾಪಸ್ಸು ಬಂದದ್ದಕ್ಕೂ ನಡುವೆ ಎಷ್ಟು ಬೆಳಗುಗಳಿವೆ ನೋಡಿ! ದಪ್ಪ ದಪ್ಪ ಪುಸ್ತಕ, ಹೆಣ ಕೊಯ್ದು ಕಲಿಯುವ ಪಾಠ, ಹೆಣ್ಣುಮಕ್ಕಳನ್ನು ಡಾಕ್ಟರ್ ಓದಿಗೆ ಸೇರಿಸಿಕೊಳ್ಳುವುದೇ ಅಪರೂಪವಾಗಿದ್ದ ಕಾಲ. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಹೆಂಗಸರು ಪದವಿ ಪಡೆದ ಮೊದಲ ತಂಡದಲ್ಲಿ, 1899ರಲ್ಲಿ, ಅವರಿದ್ದರು. ಒಂದು ರಾತ್ರಿ ಕೊಟ್ಟ ಮಾತನ್ನು ಬಾಗಿಲು ತಟ್ಟುವ ಸದ್ದಿಲ್ಲದ ನೂರಾರು ಬೆಳಗುಗಳಲ್ಲಿ ಉಳಿಸಿಕೊಂಡರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಬಂದ ಮೇಲೆ ಹೂವಿನ ಹಾರ ಕಾದಿರಲಿಲ್ಲ. ಯಾರ ಕೈಕೆಳಗೆ ಕೆಲಸ ಕಲಿಯಬೇಕು ಅಂದುಕೊಂಡಿದ್ದರೋ ಆ ಅಪ್ಪ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಹೊಸ ಡಾಕ್ಟರು, ಅದರಲ್ಲೂ ಹೆಂಗಸು, ಒಬ್ಬರೇ. 1902ರಲ್ಲಿ ವೇಲೂರಿನಲ್ಲಿ ನಲವತ್ತು ಹಾಸಿಗೆಯ ಆಸ್ಪತ್ರೆ ತೆರೆಯಿತು. ಆಸ್ಪತ್ರೆಗೆ ಬರಲಾಗದವರಿಗೆ ಗುಡಿಯಾತ್ತಂ ರಸ್ತೆಯಲ್ಲಿ ಮರದ ನೆರಳಲ್ಲೇ ಗಾಡಿ ನಿಲ್ಲಿಸಿ ಔಷಧಿ ಕೊಡುತ್ತಿದ್ದರು. 1909ರಲ್ಲಿ ದಾದಿಯರ ತರಬೇತಿ, 1918ರಲ್ಲಿ ಹೆಣ್ಣುಮಕ್ಕಳಿಗೇ ವೈದ್ಯಕೀಯ ಶಾಲೆ. ಗಂಡುಹುಡುಗರನ್ನು ಸೇರಿಸಿಕೊಂಡದ್ದು 1947ರಲ್ಲಿ. 1960ರಲ್ಲಿ ಕೊಡೈಕೆನಾಲಿನಲ್ಲಿ ಕಣ್ಣು ಮುಚ್ಚುವಾಗ ಅವರಿಗೆ ಎಂಬತ್ತೊಂಬತ್ತು.

ನಮ್ಮ ಕೋಲಾರದಲ್ಲೂ 1910ರಲ್ಲಿ ಮಿಷನ್ ಆಸ್ಪತ್ರೆ ಶುರುವಾಯಿತು. ಎಲೆನ್ ಥೋಬರ್ನ್ ಕೋವನ್ ಎಂಬ ಮಹಿಳೆಯ ನೆನಪಿಗೆ ಕಟ್ಟಿದ್ದು. ಆ ಹೆಸರು ಯಾರ ನಾಲಗೆಗೂ ಹೊರಳದೆ, ಎಲ್ಲರೂ ಇ.ಟಿ.ಸಿ.ಎಂ. ಅನ್ನುತ್ತಾರೆ. ಈ ಅಂಕಣ ಓದುವ ಮನೆಗಳಲ್ಲಿ ಅಲ್ಲೇ ಹುಟ್ಟಿದವರು ಒಬ್ಬರಾದರೂ ಇದ್ದಾರು.

ಈಗ ಮಾಲೂರಿನ ಹುಡುಗನ ವಿಷಯ. ನೀನು ವೇಲೂರು ಕಟ್ಟಬೇಕಾಗಿಲ್ಲ ಕಣಪ್ಪಾ. ನಿನಗೂ ಒಂದು ಬೀದಿ, ಒಂದು ಬಾಗಿಲು ಇದೆ. ಭಯ ಹೋದಮೇಲೆ ಹೊರಡೋಣ ಅಂತ ಕಾದರೆ ಅಷ್ಟರಲ್ಲಿ ಪರೀಕ್ಷೆ ಮುಗಿದು ರಜಾ ಬಂದಿರುತ್ತದೆ, ಇಟ್ಟಿಗೆ ಗೂಡಿನ ಹುಡುಗ ಕಳ್ಳ ಅನ್ನಿಸಿಕೊಂಡೇ ಊರು ಬಿಟ್ಟಿರುತ್ತಾನೆ. ಗೂಡಿನ ಕೆಲಸ ಮಳೆಗಾಲಕ್ಕೆ ನಿಂತಾಗ ಅವರೆಲ್ಲ ಗಂಟುಮೂಟೆ ಕಟ್ಟುತ್ತಾರೆ, ನಿನಗೂ ಗೊತ್ತಿರಬೇಕು.

ಎಲ್ಲರ ಮುಂದೆ ಎದ್ದು ನಿಂತು ಹೇಳಬೇಕು ಅಂತ ಯಾರು ಅಂದರು? ಮೊದಲು ಮನೆಯಲ್ಲಿ ಅಪ್ಪ ಅಮ್ಮನಿಗೋ ಅಜ್ಜಿಗೋ ಹೇಳು. ಅವರನ್ನು ಜೊತೆಗೆ ಕರೆದುಕೊಂಡು, ಶಾಲೆ ಬಿಟ್ಟ ಮೇಲೆ ಮೇಷ್ಟರು ಒಬ್ಬರೇ ಇದ್ದಾಗ ಹೋಗು. ಮಾತು ಬರುವುದಿಲ್ಲ ಅನ್ನಿಸಿದರೆ ನನಗೆ ಬರೆದ ಹಾಗೆ ಒಂದು ಹಾಳೆಯಲ್ಲಿ ಬರೆದುಕೊಡು. ಚೆನ್ನಾಗಿಯೇ ಬರೆಯುತ್ತೀಯ. ಮೋಶೆಗೆ ಮಾತಾಡಲು ಅಣ್ಣ ಆರೋನನನ್ನು ಜೊತೆ ಮಾಡಿಕೊಟ್ಟ ದೇವರು ನಿನಗೆ ಜೊತೆ ಬೇಡ ಅನ್ನುವುದಿಲ್ಲ. ನೀನು ನೋಡಿದ್ದನ್ನು ಮಾತ್ರ ಹೇಳು, ಊಹೆ ಸೇರಿಸಬೇಡ. ದುಡ್ಡು ತೆಗೆದವನ ಮೇಲೂ ಕೋಪ ಬೇಡ, ಅವನ ಮನೆಯಲ್ಲಿ ಏನು ತಾಪತ್ರಯವೋ. ಇವತ್ತೇ ಮಾಡಬಹುದಾದ ಇನ್ನೊಂದು ಕೆಲಸ, ಮಧ್ಯಾಹ್ನ ಊಟದ ತಟ್ಟೆ ಹಿಡಿದು ಆ ಹೊಸ ಹುಡುಗನ ಪಕ್ಕ ಹೋಗಿ ಕೂತುಕೋ. ಅನನೀಯ ಸಹೋದರ ಅಂದನಲ್ಲ, ಹಾಗೆ.

ಬೇರೆ ಮಕ್ಕಳಿಗೂ ಎರಡು ಮಾತು. ಧೈರ್ಯ ಅಂತ ಹೇಳಿ ನೀರು ತುಂಬಿದ ಕಲ್ಲು ಕ್ವಾರಿಗೆ ಹಾರುವುದು ದೇವರ ಕೆಲಸ ಅಲ್ಲ. ಯಾರಾದರೂ ಮುಳುಗುತ್ತಿದ್ದರೆ ಕೂಗಿ ದೊಡ್ಡವರನ್ನು ಕರೆಯಿರಿ, ಹಗ್ಗ, ಕೋಲು, ಸೀರೆ ಏನಾದರೂ ಎಸೆಯಿರಿ, ಈಜು ಬಾರದೆ ಇಳಿಯಬೇಡಿ. ಆ ಭಯವನ್ನು ದೇವರೇ ಇಟ್ಟಿದ್ದಾನೆ, ಇಟ್ಟುಕೊಳ್ಳಿ. ಎರಡನೆಯದು, ಯಾವ ದೊಡ್ಡವರಾದರೂ, ಎಷ್ಟೇ ಭಕ್ತರಾಗಿ ಕಂಡರೂ, ದೇವರು ಹೇಳಿದ್ದಾನೆ, ಮನೆಯಲ್ಲಿ ಹೇಳಬೇಡ ಅಂದರೆ, ಅದು ದೇವರ ಮಾತಲ್ಲ. ಓಡಿಬಂದು ಮನೆಯಲ್ಲಿ ಹೇಳಿ.

ಅಜ್ಜಿ ತಾತಂದಿರೇ, ನಿಮ್ಮ ಜೊತೆಯೂ ಒಂದು ಮಾತಿದೆ. ಸುಳ್ಳು ಹೇಳಿದರೆ ದೇವರು ಕಣ್ಣು ಚುಚ್ಚುತ್ತಾನೆ ಅಂತ ನಾವು ಮೊಮ್ಮಕ್ಕಳನ್ನು ಹೆದರಿಸುತ್ತೇವೆ. ಆಮೇಲೆ ಅದೇ ಮಗುವಿಗೆ, ಹೆದರಬೇಡ, ದೇವರಿದ್ದಾನೆ ಅನ್ನುತ್ತೇವೆ. ಯಾವುದನ್ನು ನಂಬಬೇಕು ಅದು? ಕಣ್ಣು ಚುಚ್ಚುವ ದೇವರ ಹತ್ತಿರ ಅನನೀಯನ ಹಾಗೆ ಭಯವಾಗುತ್ತದೆ ಸ್ವಾಮಿ ಅಂತ ಹೇಳಿಕೊಳ್ಳಲು ಯಾವ ಮಗುವಿಗೆ ಬಾಯಿ ಬಂದೀತು? ಯೇಸುಸ್ವಾಮಿ ಕೂಡ ಗೆತ್ಸೆಮನೆ ತೋಟದಲ್ಲಿ, ಈ ಕಷ್ಟ ತಪ್ಪುವುದಾದರೆ ತಪ್ಪಲಿ ಅಂತ ತಂದೆಯನ್ನು ಬೇಡಿಕೊಂಡರು. ಬೇಡಿಕೊಂಡ ಮೇಲೆ ಎದ್ದು ನಡೆದರು.

ಭಯಪಟ್ಟುಕೊಂಡೂ ಸರಿಯಾದದ್ದನ್ನು ಮಾಡಿದವರಿಗೆ ಕೊನೆಯಲ್ಲಿ ಬಹುಮಾನ ಸಿಗುವ ಕಥೆಗಳನ್ನೇ ಮಕ್ಕಳಿಗೆ ಹೇಳುತ್ತಾ ಇರುವುದೂ ನನಗೆ ಹಿಡಿಸುವುದಿಲ್ಲ. ಶ್ರೀನಿವಾಸಪುರದ ಕಡೆ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡ ಇಲ್ಲ, ಇಬ್ಬರು ಮಕ್ಕಳು. ಹಾಲಿನ ಡೇರಿಯಲ್ಲಿ ಟೆಸ್ಟ್ ಮಾಡಿ ಪುಸ್ತಕದಲ್ಲಿ ಬರೆಯುವ ಕೆಲಸ ಮಾಡುತ್ತಿದ್ದಳು. ಊರಿನ ದೊಡ್ಡ ಮನೆಯೊಂದರ ಹಾಲು ನೀರು ಬೆರೆಸಿ ಬರುತ್ತಿತ್ತು. ಫ್ಯಾಟು ಜಾಸ್ತಿ ಬರಿ ಅಂತ ಅಲ್ಲಿಯ ಮೇಲಿನವರೊಬ್ಬರು ಹೇಳಿದರು. ಒಂದು ವಾರ ರಾತ್ರಿ ನಿದ್ದೆ ಇಲ್ಲದೆ ಪ್ರಾರ್ಥನೆ ಮಾಡಿದಳಂತೆ, ಧೈರ್ಯ ಕೊಡಪ್ಪಾ ಅಂತ. ‘ಧೈರ್ಯ ಬರಲೇ ಇಲ್ಲ ಮೇಷ್ಟ್ರೇ. ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಬಂದೇಬಿಡ್ತು. ಕೈ ನಡುಗ್ತಾನೇ ಇದ್ದದ್ದನ್ನ ಬರೆದೆ. ಆ ದಿನದ ಅಂಕಿ ನೋಡಿದ್ರೆ ಈಗಲೂ ಕೋಳಿ ಕೆರೆದಂಗಿದೆ’ ಅಂದಳು.

ತಿಂಗಳೊಳಗೆ ಆ ಕೆಲಸ ಹೋಯಿತು. ಮತ್ತೆ ಸಿಗಲೂ ಇಲ್ಲ. ಮಾವಿನ ಕಾಲದಲ್ಲಿ ಮಂಡಿಯಲ್ಲಿ ಕಾಯಿ ಆರಿಸುವ ಕೂಲಿಗೆ ಹೋದಳು, ಸಾಲ ಮಾಡಿ ಒಂದು ಸೀಮೆಹಸು ತಂದಳು, ಈಗ ಎರಡಾಗಿವೆ. ಅದೇ ಡೇರಿಗೇ ಹಾಲು ಹಾಕುತ್ತಾಳೆ. ಈಗ ಅಲ್ಲಿ ಬರೆಯುವ ಹುಡುಗಿ ಹೊಸಬಳು, ಇಪ್ಪತ್ತು ದಾಟಿರಬೇಕು. ಒಂದು ದಿನ ಆ ಹುಡುಗಿ ಕ್ಯಾನು ಇಳಿಸುವಾಗ ಮೆಲ್ಲಗೆ ಕೇಳಿದಳಂತೆ: ‘ಅಕ್ಕಾ, ಆವತ್ತು ನೀವು ಹೇಗೆ ಬರೆದ್ರಿ?’

ಇವಳು ಏನು ಹೇಳಿದಳು ಅಂತ ನಾನು ಕೇಳಿದೆ. ‘ಸಾಯಂಕಾಲ ಮನೆಗೆ ಬಾ ಅಂದೆ’ ಅಂದಳು.

ಈ ವಾರ ಮಕ್ಕಳಿಗೆ ಒಂದು ಕೆಲಸ. ಮನೆಯಲ್ಲಿ ಅಜ್ಜಿಯನ್ನೋ ತಾತನನ್ನೋ ಹಿಡಿದು ಕೂರಿಸಿ, ನೀವು ಹೆದರಿಕೊಂಡೇ ಮಾಡಿದ ಒಂದು ಒಳ್ಳೆಯ ಕೆಲಸ ಯಾವುದು ಅಂತ ಕೇಳಿ. ಏನೂ ಇಲ್ಲಪ್ಪ ಅಂದರೆ ಬಿಡಬೇಡಿ, ಕಾಫಿ ಕುಡಿದ ಮೇಲೆ ಇನ್ನೊಂದು ಸಲ ಕೇಳಿ. ಅವರು ಹೇಳಿದ್ದನ್ನು ಬರೆದು ಕಳಿಸಿ. ಮಾಲೂರಿನ ಹುಡುಗಾ, ನಿನ್ನ ಇನ್ನೊಂದು ಕಾಗದಕ್ಕೂ ಕಾಯುತ್ತಿರುತ್ತೇನೆ.